ಒಂದಕ್ಕೆ ಆಕ್ಸಿಜನ್ ಬೇಕು, ಇನ್ನೊಂದಕ್ಕೆ ಆಗಲ್ಲ: ಮೈಟೋಕಾಂಡ್ರಿಯಾ ಒಳಗೆ ಬಂದಿದ್ದಾದರೂ ಹೇಗೆ?

ಸಂಜೆಟ್ಯೂಷನ್ ಕೇಳಿದ್ದು:

ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಜೀವಕೋಶದ ಪಾಠ ಬಂದಾಗಲೆಲ್ಲ ನಾನು ಒಪ್ಪಿಸುವ ಕಥೆ ಒಂದೇ. ಮೊದಲು ಭೂಮಿಯ ಗಾಳಿಯಲ್ಲಿ ಆಕ್ಸಿಜನ್ ಇರಲಿಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯನೋಬ್ಯಾಕ್ಟೀರಿಯಾಗಳು ಬಿಟ್ಟ ಆಕ್ಸಿಜನ್ ಗಾಳಿಯಲ್ಲಿ ಸೇರತೊಡಗಿತು. ಅದು ಆಗಿನ ಜೀವಿಗಳಿಗೆ ವಿಷ. ಆಗ ಯಾವುದೋ ಒಂದು ಕೋಶ ಆಕ್ಸಿಜನ್ ಉಸಿರಾಡಬಲ್ಲ ಬ್ಯಾಕ್ಟೀರಿಯಾ ಒಂದನ್ನು ನುಂಗಿತು, ಅರಗಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿತು. ಅದೇ ಈಗ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ. ಮುಗೀತು, ಮುಂದಿನ ಪಾಠ.

ಈ ಸಲ ಒಬ್ಬಳು ಹುಡುಗಿ ಕೈ ಎತ್ತಿದಳು. "ಸರ್, ನುಂಗಿದ್ದಕ್ಕೆ ಆಕ್ಸಿಜನ್ ವಿಷ ಅಂದರೆ ಅದು ಆಕ್ಸಿಜನ್ ಇಲ್ಲದ ಕಡೆ ಇರಬೇಕು. ನುಂಗಿಸಿಕೊಂಡಿದ್ದಕ್ಕೆ ಆಕ್ಸಿಜನ್ ಬೇಕೇ ಬೇಕು ಅಂದರೆ ಅದು ಆಕ್ಸಿಜನ್ ಇರುವ ಕಡೆ ಇರಬೇಕು. ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದೆಲ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಲು ಹೊರಟರೆ ಇನ್ನೊಂದು ಅನುಮಾನ ಬಂತು. ಯಾವ ಬ್ಯಾಕ್ಟೀರಿಯಾ ತಾನೇ ತಾನು ಮಾಡಿದ ಎಟಿಪಿಯನ್ನು, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಅಣುವನ್ನು, ಹೊರಗೆ ಕೊಡುತ್ತದೆ? ಹಾಗಿದ್ದರೆ ನುಂಗಿದ ಮೊದಲ ದಿನ ಆ ಕೋಶಕ್ಕೆ ಏನು ಲಾಭ? ಗೊತ್ತಿದ್ದವರು ಬಿಡಿಸಿ ಹೇಳಿ. ಲಿಂಕ್ ಎಸೆದು ಹೋಗಬೇಡಿ, ಪ್ಲೀಸ್.

ಕೊಳವೆಬಾವಿ:

ಆ ಹುಡುಗಿಗೆ ಒಂದು ಶಭಾಷ್ ಹೇಳಿ. ಈ ಕ್ಷೇತ್ರದವರು ಸುಮಾರು ಮೂವತ್ತು ವರ್ಷದಿಂದ ಜಗಳ ಆಡುತ್ತಿರುವುದು ಇದೇ ಪ್ರಶ್ನೆಗೆ. ನಾನು ಮೈಕ್ರೋಬಯಾಲಜಿಯವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಎರಡು ಕಡೆಯವರು ಯಾರು ಅಂತ ನೋಡೋಣ. ಒಳಗೆ ಬಂದವರ ಬಗ್ಗೆ ತಕರಾರಿಲ್ಲ. ಮೈಟೋಕಾಂಡ್ರಿಯಾಗೆ ತನ್ನದೇ ಡಿಎನ್‌ಎ ಇದೆ. ನಮ್ಮದರಲ್ಲಿ 16,569 ಅಕ್ಷರ, 37 ಜೀನ್. ಅದನ್ನು ಓದಿದರೆ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಎಂಬ ಗುಂಪಿನ ನೆಂಟಸ್ತನ ಎದ್ದು ಕಾಣುತ್ತದೆ. ಮೈಟೋಕಾಂಡ್ರಿಯಾ ಹಿಂದೆ ಬ್ಯಾಕ್ಟೀರಿಯಾ ಆಗಿತ್ತು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ಬರೆದಾಗ ಒಂದರ ಮೇಲೊಂದು ಪತ್ರಿಕೆ ವಾಪಸ್ ಕಳಿಸಿತ್ತು. ಈಗ ಪಿಯುಸಿ ಪುಸ್ತಕದಲ್ಲಿದೆ. ನೀವು ಹೇಳುವ ಆಕ್ಸಿಜನ್ ಕಥೆಯೂ ಹೆಚ್ಚುಕಡಿಮೆ ಅವರ ಕಾಲದ್ದೇ.

ತಕರಾರು ಇದ್ದದ್ದು ಮನೆ ಯಜಮಾನನ ಬಗ್ಗೆ, ಅಂದರೆ ಅದನ್ನು ಒಳಗೆ ಬಿಟ್ಟುಕೊಂಡ ಕೋಶದ ಬಗ್ಗೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್, ಆರ್ಕಿಯಾ ಎಂಬ ಒಂಟಿಕೋಶ ಜೀವಿಗಳು ಬ್ಯಾಕ್ಟೀರಿಯಾಗಿಂತ ಬೇರೆಯದೇ ಕುಲ ಎಂದು ತೋರಿಸಿದರು. ಆಮೇಲೆ 2015ರಲ್ಲಿ ಸ್ವೀಡನ್ನಿನ ಉಪ್ಸಲಾದ ತಂಡ ಒಂದು ಸುದ್ದಿ ಕೊಟ್ಟಿತು. ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ಸಮುದ್ರದ ತಳದಲ್ಲಿ ಲೋಕಿಸ್ ಕ್ಯಾಸಲ್ ಎಂಬ ಬಿಸಿನೀರಿನ ಬುಗ್ಗೆಗಳಿವೆ. ಅದರ ಹತ್ತಿರದ ಕೆಸರಿನಲ್ಲಿ ಸಿಕ್ಕ ಡಿಎನ್‌ಎ ತುಣುಕುಗಳನ್ನು ಜೋಡಿಸಿದಾಗ ಒಂದು ಹೊಸ ಆರ್ಕಿಯಾ ಸಿಕ್ಕಿತು. ಕೋಶದ ಅಸ್ಥಿಪಂಜರ ಕಟ್ಟುವ ಆಕ್ಟಿನ್ ತರಹದ ಜೀನ್‌ಗಳು ಅದರಲ್ಲಿದ್ದವು, ಅವು ನಮ್ಮಂಥ, ನ್ಯೂಕ್ಲಿಯಸ್ ಇರುವ ಸಂಕೀರ್ಣ ಕೋಶಗಳ ಸೊತ್ತು ಅಂತ ಎಲ್ಲರೂ ನಂಬಿದ್ದರು. ಅದಕ್ಕೆ ಲೋಕಿ ಅಂತ ಹೆಸರಿಟ್ಟರು. ಆಮೇಲೆ ಥಾರ್, ಓಡಿನ್, ಹೈಮ್‌ಡಾಲ್ ಅಂತ ಸಾಲಾಗಿ ಬಂದವು. ಒಟ್ಟಿಗೆ ಇವಕ್ಕೆ ಆಸ್‌ಗಾರ್ಡ್ ಆರ್ಕಿಯಾ ಅನ್ನುತ್ತಾರೆ. ನಮ್ಮ ಯಜಮಾನ ಈ ಮನೆತನದವನೇ ಎಂದು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಆದರೆ ಡಿಎನ್‌ಎ ಓದುವುದು ಬೇರೆ, ಜೀವಂತ ಹಿಡಿಯುವುದು ಬೇರೆ ಅಲ್ವಾ. ಅದನ್ನು ಮಾಡಿದ್ದು ಜಪಾನಿನವರು. 2006ರಲ್ಲಿ ಸಮುದ್ರದ 2,533 ಮೀಟರ್ ಆಳದಿಂದ ಕೆಸರು ತಂದರು. ಮೀಥೇನ್ ಹರಿಸುವ ರಿಯಾಕ್ಟರ್‌ನಲ್ಲಿ, ಸ್ಪಂಜಿನ ತುಂಡುಗಳ ಮೇಲೆ, ಐದು ವರ್ಷಕ್ಕೂ ಜಾಸ್ತಿ ಇಟ್ಟರು. ಆಮೇಲೆ ಅಲ್ಲಿಂದ ಸ್ವಲ್ಪ ಸ್ವಲ್ಪ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಕಾದರು. ಈ ಪ್ರಾಣಿ ಎಷ್ಟು ನಿಧಾನ ಎಂದರೆ ಒಂದು ಎರಡಾಗಲು 14ರಿಂದ 25 ದಿನ. ಲ್ಯಾಬ್‌ನಲ್ಲಿ ಚೆನ್ನಾಗಿ ತಿಂದುಂಡ ಇ. ಕೋಲಿಗೆ 20 ನಿಮಿಷ ಸಾಕು. ಒಟ್ಟು 12 ವರ್ಷ ಹಿಡಿಯಿತು, 2020ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಇಂಥ ಪ್ರಾಜೆಕ್ಟಿಗೆ ಮೂರನೇ ವರ್ಷವೇ ಫಂಡ್ ನಿಲ್ಲಿಸುತ್ತಿದ್ದರು, ಇರಲಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಜೀವಿ ಅರ್ಧ ಮೈಕ್ರಾನ್ ದಪ್ಪದ ಗುಂಡು. ಅದರಿಂದ ಉದ್ದಕ್ಕೆ, ಕವಲು ಕವಲಾಗಿ ತೋಳುಗಳು ಹೊರಟಿವೆ. ಆಕ್ಸಿಜನ್ ಇಲ್ಲದ ಕಡೆ ಮಾತ್ರ ಬೆಳೆಯುತ್ತದೆ. ಅಮೈನೋ ಆಮ್ಲ ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ. ಪಕ್ಕದಲ್ಲಿ ಆ ಹೈಡ್ರೋಜನ್ ತಿನ್ನುವ ಸಂಗಾತಿ ಇಲ್ಲದಿದ್ದರೆ ಬೆಳೆಯುವುದೇ ಇಲ್ಲ, ಯಾಕೆಂದರೆ ಬಿಟ್ಟ ಹೈಡ್ರೋಜನ್ ಅಲ್ಲೇ ತುಂಬಿಕೊಂಡರೆ ಅದರ ಊಟದ ರಾಸಾಯನಿಕ ಕ್ರಿಯೆಯೇ ನಿಂತುಹೋಗುತ್ತದೆ. ಇಷ್ಟು ಸಣ್ಣ ದೇಹದಲ್ಲಿ ಇನ್ನೊಂದು ಬ್ಯಾಕ್ಟೀರಿಯಾವನ್ನು ಗಬಕ್ಕನೆ ನುಂಗುವ ಸಾಧನವೂ ಕಾಣಲಿಲ್ಲ. ಅದಕ್ಕೇ ಆ ತಂಡದವರು ಹೇಳಿದ್ದು ಬೇರೆ: ತೋಳುಗಳ ನಡುವೆ ಪಕ್ಕದ ಬ್ಯಾಕ್ಟೀರಿಯಾ ಸಿಕ್ಕಿಕೊಂಡಿತು, ಬಹಳ ಕಾಲ ಹಾಗೇ ಇತ್ತು, ಕೊನೆಗೆ ತೋಳುಗಳು ಒಂದಕ್ಕೊಂದು ಬೆಸೆದು ಅದು ಒಳಗಾಯಿತು. ನೀವು ಪಾಠದಲ್ಲಿ "ನುಂಗಿತು" ಅನ್ನುವ ಬದಲು "ಒಳಗೆ ಸೇರಿಸಿಕೊಂಡಿತು" ಅಂದರೆ ಒಳ್ಳೆಯದು.

ಇನ್ನು, ಬಂದ ಅತಿಥಿಗೆ ಆಕ್ಸಿಜನ್ ಬೇಕೇ ಬೇಕಿತ್ತು ಅಂತ ಯಾರು ಹೇಳಿದರು? ಅದರ ಈಗಿನ ನೆಂಟರಲ್ಲಿ ಎಷ್ಟೋ ಜಾತಿಗಳು ಆಕ್ಸಿಜನ್ ಇದ್ದರೆ ಉಸಿರಾಡುತ್ತವೆ, ಇಲ್ಲದಿದ್ದರೆ ಬೇರೆ ದಾರಿ ಹಿಡಿಯುತ್ತವೆ. 1998ರಲ್ಲಿ ವಿಲಿಯಂ ಮಾರ್ಟಿನ್ ಮತ್ತು ಮಿಕ್ಲೋಸ್ ಮ್ಯೂಲರ್ ಇದನ್ನೇ ಹಿಡಿದು ಒಂದು ವಾದ ಮಂಡಿಸಿದರು. ಮೊದಲ ಸಂಬಂಧ ಆಕ್ಸಿಜನ್‌ಗಾಗಿ ಅಲ್ಲ, ಹೈಡ್ರೋಜನ್‌ಗಾಗಿ. ಅತಿಥಿ ಹೈಡ್ರೋಜನ್ ಬಿಡುತ್ತಿತ್ತು, ಯಜಮಾನ ಅದನ್ನು ತಿನ್ನುತ್ತಿತ್ತು. ನಿಮ್ಮ ಎಟಿಪಿ ಅನುಮಾನಕ್ಕೂ ಇದರಲ್ಲಿ ಉತ್ತರ ಇದೆ. ಎಟಿಪಿಯನ್ನು ಹೊರಗೆ ಸಾಗಿಸುವ ಪ್ರೋಟೀನು ಮೈಟೋಕಾಂಡ್ರಿಯಾದ ಗೋಡೆಗೆ ಬಂದದ್ದು ಆಮೇಲೆ, ಮೊದಲ ದಿನದ ವ್ಯಾಪಾರ ಬರೀ ತ್ಯಾಜ್ಯದ್ದು. ಆದರೆ ಜಪಾನಿನವರ ಪ್ರಾಣಿ ಹೈಡ್ರೋಜನ್ ತಿನ್ನುವುದಿಲ್ಲ, ಬಿಡುತ್ತದೆ. ಹಾಗಾಗಿ ಈಗ ಕೆಲವರು ಲೆಕ್ಕವನ್ನು ತಿರುಗಿಸಿದ್ದಾರೆ: ಕೊಟ್ಟದ್ದು ಯಜಮಾನ, ತೆಗೆದುಕೊಂಡದ್ದು ಅತಿಥಿ. ಯಾವ ಕಡೆಯಿಂದ ಹರಿಯಿತು ಎಂಬ ಜಗಳ ಮುಗಿದಿಲ್ಲ. ಹೀಗೆ ಏನನ್ನೋ ಕೊಟ್ಟು ತೆಗೆದುಕೊಂಡು ಶುರುವಾಯಿತು ಎಂಬುದು ನನಗೆ "ಆಕ್ಸಿಜನ್ ವಿಷದಿಂದ ಕಾಪಾಡಿತು" ಕಥೆಗಿಂತ ಹೆಚ್ಚು ಹಿಡಿಸುತ್ತದೆ.

ಹಟ್ಟಿಡಾಕ್ಟ್ರು:

ನಾನು ಹಳ್ಳಿ ಕಡೆ ದನದ ಡಾಕ್ಟರು. ಮೇಲಿನವರು ಸಮುದ್ರದ ತಳಕ್ಕೆಲ್ಲ ಹೋಗಿಬಂದರು, ಅಷ್ಟು ದೂರ ಬೇಕಿಲ್ಲ, ಇದು ಕೊಟ್ಟಿಗೆಯಲ್ಲೇ ಇದೆ.

ಹಸುವಿನ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ದೊಡ್ಡ ತಳಿಯದಾದರೆ ನೂರು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಒಳಗೆ ಆಕ್ಸಿಜನ್ ಇಲ್ಲ ಅಂತಲೇ ಹೇಳಬಹುದು. ಮೇವು, ನೀರು, ಜೊಲ್ಲಿನ ಜೊತೆ ಸ್ವಲ್ಪ ಹೋಗುತ್ತದೆ, ಹೋದದ್ದು ತಕ್ಷಣ ಖರ್ಚಾಗುತ್ತದೆ. ಮದುವೆ ಮನೆಯ ಉಳಿದ ಅನ್ನ ತಿಂದು ಹಸು ಮಲಗಿದೆ ಎಂದು ಫೋನ್ ಬಂದಾಗ ನಾವು ಬಾಯಿಂದ ಟ್ಯೂಬ್ ಇಳಿಸಿ ರೂಮೆನ್ ರಸ ತೆಗೆಯುತ್ತೇವೆ. ಬಿಸಿ ಆರುವ ಮೊದಲೇ ಒಂದು ಹನಿ ಸ್ಲೈಡ್ ಮೇಲೆ ಹಾಕಿ ನೋಡಬೇಕು. ಆರೋಗ್ಯದ ಹಸುವಿನದಾದರೆ ಮೈಯೆಲ್ಲ ರೋಮದಂಥ ಎಳೆಗಳಿರುವ ಪ್ರೋಟೋಜೋವಾಗಳು ಸಂತೆಯಲ್ಲಿ ಜನ ನುಗ್ಗಿದ ಹಾಗೆ ಗಿಜಿಗುಡುತ್ತಿರುತ್ತವೆ, ಒಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ. ಅನ್ನ ಹುಳಿಯಾಗಿ ಹೊಟ್ಟೆಯೊಳಗೆ ಆಮ್ಲ ಏರಿದ್ದರೆ ಒಂದೂ ಅಲ್ಲಾಡುವುದಿಲ್ಲ, ರಸ ಹಾಲುಹಾಲಾಗಿ ಹುಳಿ ವಾಸನೆ ಹೊಡೆಯುತ್ತದೆ. ಆಗ ಕೇಸ್ ಏನೆಂದು ಗೊತ್ತಾಯಿತು ಅಂತಲೇ ಲೆಕ್ಕ. ಸ್ಲೈಡ್ ತಣ್ಣಗಾಗಲು ಬಿಟ್ಟು ಆಮೇಲೆ ನೋಡಿ "ಎಲ್ಲ ಸತ್ತಿವೆ" ಅನ್ನುವ ಹೊಸ ಹುಡುಗರೂ ಇದ್ದಾರೆ.

ನಾನು ಹೇಳಲು ಹೊರಟಿದ್ದು ಇದು. ಈ ಪ್ರೋಟೋಜೋವಾಗಳು ಬ್ಯಾಕ್ಟೀರಿಯಾ ಅಲ್ಲ. ನ್ಯೂಕ್ಲಿಯಸ್ ಇರುವ, ನಮ್ಮದೇ ಜಾತಿಯ ಸಂಕೀರ್ಣ ಕೋಶಗಳು. ಆಕ್ಸಿಜನ್ ಇಲ್ಲದ ಕಡೆ ಸುಖವಾಗಿ ಬದುಕುತ್ತಿವೆ. ಇವುಗಳಲ್ಲಿ ಹಲವಕ್ಕೆ ಮೈಟೋಕಾಂಡ್ರಿಯಾ ಜಾಗದಲ್ಲಿ ಹೈಡ್ರೋಜನೋಸೋಮ್ ಎಂಬುದಿದೆ. ಅದು ಒಂದಿಷ್ಟು ಎಟಿಪಿ ಮಾಡಿ ಹೈಡ್ರೋಜನ್ ಬಿಡುತ್ತದೆ. ಆ ಹೈಡ್ರೋಜನ್ ತಿನ್ನಲು ಮೀಥೇನ್ ಮಾಡುವ ಆರ್ಕಿಯಾಗಳು ಪ್ರೋಟೋಜೋವಾದ ಮೈಗೆ ಅಂಟಿಕೊಂಡಿರುತ್ತವೆ, ಕೆಲವು ಒಳಗೂ ಇರುತ್ತವೆ. ಹಸು ತೇಗಿದಾಗ ಹೊರಬರುವ ಮೀಥೇನಿನಲ್ಲಿ ಇವುಗಳ ಪಾಲೂ ಇದೆ. ಹೊರಗೆ ಅಷ್ಟು ಆಕ್ಸಿಜನ್ ಇರುವ ಇವತ್ತಿನ ದಿನವೂ ಈ ಹೈಡ್ರೋಜನ್ ವ್ಯಾಪಾರ ನಡೆಯುತ್ತಿದೆ ಅನ್ನುವುದನ್ನು ನಿಮ್ಮ ಹುಡುಗಿಗೆ ಹೇಳಿ.

ಕೊಳವೆಬಾವಿ:

@ಹಟ್ಟಿಡಾಕ್ಟ್ರು ಸಾರ್, ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಒಂದು ಸೇರಿಸುತ್ತೇನೆ. ಹೈಡ್ರೋಜನೋಸೋಮ್ ಅನ್ನು 1973ರಲ್ಲಿ ಮೊದಲು ಗುರುತಿಸಿದ್ದು ದನಗಳಲ್ಲಿ ಗರ್ಭಪಾತ ತರುವ ಟ್ರೈಕೋಮೊನಾಸ್ ಪರಾವಲಂಬಿಯಲ್ಲಿ. ಗುರುತಿಸಿದ ಇಬ್ಬರಲ್ಲಿ ಒಬ್ಬರು ನಾನು ಹೇಳಿದ ಅದೇ ಮ್ಯೂಲರ್. ಹೈಡ್ರೋಜನ್ ವಾದ ಅವರ ತಲೆಗೆ ಸುಮ್ನೆ ಬಂದದ್ದಲ್ಲ.

ಕಲ್ಲುಬಂಡೆ:

ಜಿಯಾಲಜಿ ಕಡೆಯಿಂದ. ಇಲ್ಲಿ ಎಲ್ಲರೂ "ಆಕ್ಸಿಜನ್ ಇತ್ತು / ಇರಲಿಲ್ಲ" ಅಂತ ಸ್ವಿಚ್ ಹಾಕಿದ ಹಾಗೆ ಮಾತಾಡುತ್ತಿದ್ದೀರಿ. 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಕ್ಸಿಜನ್ ಉಳಿಯತೊಡಗಿತು, ನಿಜ. ಆದರೆ ಇವತ್ತಿನ 21 ಶೇಕಡಾ ಅಲ್ಲ. ಆಮೇಲೆ ನೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಅದು ಈಗಿನದರ ಸಣ್ಣ ಪಾಲು ಮಾತ್ರ. ಎಷ್ಟು ಸಣ್ಣದು ಅನ್ನುವುದರ ಮೇಲೆ ದೊಡ್ಡ ಚರ್ಚೆಯೇ ಇದೆ. ಸಮುದ್ರದ ಮೇಲ್ಪದರದಲ್ಲಿ ಸ್ವಲ್ಪ ಆಕ್ಸಿಜನ್, ಆಳದಲ್ಲಿ ಏನೂ ಇಲ್ಲ. 1998ರಲ್ಲಿ ಡೊನಾಲ್ಡ್ ಕ್ಯಾನ್‌ಫೀಲ್ಡ್ ಹೇಳಿದ್ದೂ ಇದನ್ನೇ: ಆಳದ ನೀರು ಬಹಳ ಕಾಲ ಆಕ್ಸಿಜನ್ ಕಾಣದೆ, ಗಂಧಕದ ವಾಸನೆಯಲ್ಲೇ ಇತ್ತು.

ಹಾಗಾಗಿ "ಇಬ್ಬರೂ ಸಿಕ್ಕಿದ್ದೆಲ್ಲಿ" ಎಂಬ ಪ್ರಶ್ನೆಗೆ ನನ್ನ ಉತ್ತರ: ಗಡಿಯಲ್ಲಿ. ನೀರು ನಿಂತ ಭತ್ತದ ಗದ್ದೆಯ ಕೆಸರಿಗೆ ಕೈ ಹಾಕಿ ಒಂದು ಹೆಂಟೆ ಎತ್ತಿ ನೋಡಿ. ಮೇಲೆ ತೆಳ್ಳಗೆ ಕಂದು ಪದರ, ಬರೀ ಕೆಲವು ಮಿಲಿಮೀಟರ್. ಅಲ್ಲಿ ಆಕ್ಸಿಜನ್ ಇದೆ, ಕಬ್ಬಿಣ ತುಕ್ಕಾಗಿದೆ. ಅದರ ಕೆಳಗೆ ಬೂದು ಬಣ್ಣ, ಕಪ್ಪು, ಕೊಳೆತ ಮೊಟ್ಟೆ ವಾಸನೆ. ಅಲ್ಲಿ ಆಕ್ಸಿಜನ್ ಇಲ್ಲ. ಎರಡು ಲೋಕಗಳ ನಡುವೆ ಬೆರಳಿನ ಉಗುರಿನಷ್ಟೂ ದೂರ ಇಲ್ಲ, ಗಡಿ ಹಗಲು ರಾತ್ರಿ ಮೇಲೆ ಕೆಳಗೆ ಓಡಾಡುತ್ತದೆ. ಅಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗೆ ಎರಡೂ ವಿದ್ಯೆ ಗೊತ್ತಿರಲೇಬೇಕು.

ಕಾಲದ ವಿಷಯ. ಸಂಕೀರ್ಣ ಕೋಶಗಳದ್ದು ಎಂದು ಹೆಚ್ಚಿನವರು ಒಪ್ಪುವ ಪಳೆಯುಳಿಕೆಗಳು ಸುಮಾರು 165 ಕೋಟಿ ವರ್ಷದಷ್ಟು ಹಳೆಯವು, ಚೀನಾದ ಉತ್ತರ ಭಾಗದಲ್ಲಿ ಸಿಕ್ಕಿವೆ. ನಮ್ಮ ದೇಶದ್ದೂ ಒಂದಿದೆ, ಇದನ್ನು ಪಾಠದಲ್ಲಿ ಸೇರಿಸಿ. ಚಿತ್ರಕೂಟದ ವಿಂಧ್ಯ ಬಂಡೆಗಳಲ್ಲಿ 160 ಕೋಟಿ ವರ್ಷ ಹಳೆಯ, ಕೆಂಪು ಪಾಚಿಯಂಥ ಎಳೆಗಳು ಸಿಕ್ಕಿದವು. ಸ್ವೀಡನ್ನಿನ ಸ್ಟೆಫಾನ್ ಬೆಂಗ್ಟ್‌ಸನ್ ತಂಡ ಸಿಂಕ್ರೋಟ್ರಾನ್ ಎಕ್ಸ್‌ರೇ ಹಾಯಿಸಿ ಕಲ್ಲು ಒಡೆಯದೆಯೇ ಕೋಶ ಕೋಶ ಬಿಡಿಸಿ ನೋಡಿ 2017ರಲ್ಲಿ ಪ್ರಕಟಿಸಿತು. ಒಂದಕ್ಕೆ ಭಾರತದ ವಿಜ್ಞಾನಿ ರಫತ್ ಅಜ್ಮಿ ಹೆಸರಿನಿಂದ ರಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಅಂತ, ಇನ್ನೊಂದಕ್ಕೆ ರಾಮ ವನವಾಸದಲ್ಲಿದ್ದ ಜಾಗವೆಂದು ರಾಮಥಾಲಸ್ ಅಂತ ಹೆಸರು. ಕೆಂಪು ಪಾಚಿ ಹೌದೋ ಅಲ್ಲವೋ ಎಂದು ಅನುಮಾನ ಪಡುವವರೂ ಇದ್ದಾರೆ. ಹೌದಾದರೆ, ಆ ಹೊತ್ತಿಗೆ ಮೈಟೋಕಾಂಡ್ರಿಯಾ ಬಂದು ಹಳೆಯದಾಗಿ, ಬಿಸಿಲಿನಿಂದ ಆಹಾರ ಮಾಡುವ ಎರಡನೇ ಅತಿಥಿ ಕ್ಲೋರೋಪ್ಲಾಸ್ಟೂ ಒಳಗೆ ಸೇರಿ ಆಗಿತ್ತು.

ಅಂದಹಾಗೆ ಸಂಡೂರು, ಬಾಬಾಬುಡನ್‌ಗಿರಿಯ ಪಟ್ಟೆಪಟ್ಟೆ ಕಬ್ಬಿಣದ ಅದಿರು ಇದೆಯಲ್ಲ, ಅದು ಈ ಎಲ್ಲ ಗಲಾಟೆಗಿಂತ ಹಳೆಯದು, 250 ಕೋಟಿ ವರ್ಷಕ್ಕೂ ಹಿಂದಿನದು. ಗಾಳಿಯಲ್ಲಿ ಆಕ್ಸಿಜನ್ ಇಲ್ಲದ ಕಾಲದಲ್ಲಿ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತದ್ದು. ಅದೇ ಬೇರೆ ಪುರಾಣ, ಇಲ್ಲಿ ಬೇಡ.

ಎಣ್ಣೆಗಾಣ:

ಎಲ್ಲರೂ ಹೈಡ್ರೋಜನ್ ಪಾರ್ಟಿ ಸೇರಿಬಿಟ್ಟಿರಲ್ಲ, ವಿರೋಧ ಪಕ್ಷ ಒಂದು ಬೇಡವೇ?

ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ. ಶಿಲೀಂಧ್ರದಲ್ಲಿ ಎರ್ಗೋಸ್ಟೆರಾಲ್. ಗಿಡಗಳಲ್ಲೂ ಇದೇ ಕುಟುಂಬದ್ದು. ಒಂದೇ ಒಂದು ಕೊಲೆಸ್ಟರಾಲ್ ಅಣು ತಯಾರಾಗಬೇಕಾದರೆ 11 ಆಕ್ಸಿಜನ್ ಅಣು ಖರ್ಚಾಗುತ್ತದೆ. ಉಸಿರಾಟಕ್ಕಲ್ಲ, ಬರೀ ಕಟ್ಟುವ ಕೆಲಸಕ್ಕೆ. ಯೀಸ್ಟ್ ಆಕ್ಸಿಜನ್ ಇಲ್ಲದೆ ಬೆಳೆಯುತ್ತದೆ ಅನ್ನುತ್ತೇವೆ. ಲ್ಯಾಬಿನಲ್ಲಿ ಪೂರ್ತಿ ಆಕ್ಸಿಜನ್ ತೆಗೆದರೆ ಎರ್ಗೋಸ್ಟೆರಾಲನ್ನು ನಾವೇ ಹೊರಗಿಂದ ಹಾಕಬೇಕು, ಇಲ್ಲವಾದರೆ ಸ್ವಲ್ಪ ಹೊತ್ತಿಗೆ ಬೆಳವಣಿಗೆ ನಿಲ್ಲುತ್ತದೆ. ಈಗ ಬದುಕಿರುವ ಎಲ್ಲ ಸಂಕೀರ್ಣ ಕೋಶಗಳ ಕೊನೆಯ ಸಾಮಾನ್ಯ ಪೂರ್ವಜನಲ್ಲೇ ಈ ಕೊಲೆಸ್ಟರಾಲ್ ದಾರಿ ಇತ್ತು. ಅದರ ಮೈಟೋಕಾಂಡ್ರಿಯಾದಲ್ಲಿ ಆಕ್ಸಿಜನ್ ಉಸಿರಾಟದ ಇಡೀ ಸರಪಳಿಯೂ ಇತ್ತು. ಅಂದರೆ ನಮ್ಮ ಮೂಲಪುರುಷ ಆಕ್ಸಿಜನ್ ಬಳಸುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಉತ್ತರದ 160 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಆ ದಾರಿಯ ಅರ್ಧದಲ್ಲಿರುವ, ಹಳೇ ನಮೂನೆಯ ಸ್ಟೀರಾಯ್ಡುಗಳ ಗುರುತು ಸಿಕ್ಕಿತು. ಅವನ್ನು ಮಾಡುವ ಮೊದಲ ಹೆಜ್ಜೆಗೇ ಆಕ್ಸಿಜನ್ ಬೇಕು.

ಆಸ್‌ಗಾರ್ಡ್ ಅಂದಕೂಡಲೇ ಆಕ್ಸಿಜನ್ ಕಂಡರಾಗದವು ಅಂತ ತೀರ್ಮಾನಿಸಬೇಡಿ. ಹೈಮ್‌ಡಾಲ್ ಗುಂಪಿನ ಕೆಲವು ಜೀವಿಗಳ ಡಿಎನ್‌ಎಯಲ್ಲಿ ಆಕ್ಸಿಜನ್ ಬಳಸುವ ಜೀನ್‌ಗಳಿವೆ. ನಮಗೆ ಅತಿ ಹತ್ತಿರದ ನೆಂಟ ಅದೇ ಕಡೆಯವನು. ಜಪಾನಿನವರು ಬೆಳೆಸಿದ್ದು ಸ್ವಲ್ಪ ದೂರದ ಸೋದರಸಂಬಂಧಿ. ದೂರದ ನೆಂಟನ ಊಟದ ಅಭ್ಯಾಸ ನೋಡಿ ನಮ್ಮ ಅಜ್ಜನ ಊಟ ಹೇಳಕ್ಕಾಗುತ್ತಾ?

ಕೊಳವೆಬಾವಿ:

@ಎಣ್ಣೆಗಾಣ ಕೊನೆಯ ಪೂರ್ವಜ ಆಕ್ಸಿಜನ್ ಬಳಸುತ್ತಿದ್ದ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅವನು ಕೊನೆಯವನು, ಮೊದಲನೆಯವನಲ್ಲ. ಮೊದಲ ಭೇಟಿಗೂ ಅವನಿಗೂ ನಡುವೆ ಎಷ್ಟೋ ಕೋಟಿ ವರ್ಷ ಇರಬಹುದು. ಆ ನಡುವೆ ಅತಿಥಿಗೆ ಮೊದಲೇ ಗೊತ್ತಿದ್ದ ಆಕ್ಸಿಜನ್ ವಿದ್ಯೆ ಮನೆಯವರಿಗೆಲ್ಲ ಉಪಯೋಗಕ್ಕೆ ಬಂತು. ಗ್ಲೂಕೋಸ್ ಒಂದರಿಂದ ಆಕ್ಸಿಜನ್ ಇಲ್ಲದೆ 2 ಎಟಿಪಿ, ಇದ್ದರೆ 30ರ ಹತ್ತಿರ. ಈ ಆದಾಯ ಸಿಕ್ಕಮೇಲೆ ಯಾರು ತಾನೇ ಬಿಡುತ್ತಾರೆ? ಸೇರಿದ್ದಕ್ಕೆ ಕಾರಣ ಒಂದು, ಬಿಟ್ಟುಹೋಗದೆ ಉಳಿದದ್ದಕ್ಕೆ ಕಾರಣ ಇನ್ನೊಂದು. ಹೈಮ್‌ಡಾಲ್ ವಿಷಯದಲ್ಲಿ ನಿಮ್ಮದು ಗಟ್ಟಿ ಪಾಯಿಂಟು, ಅದನ್ನು ಯಾರಾದರೂ ಜೀವಂತ ಬೆಳೆಸಿ ತೋರಿಸಿದರೆ ನನ್ನ ಪಕ್ಷ ಅರ್ಧ ಖಾಲಿ.

ಸಂಜೆಟ್ಯೂಷನ್:

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ ಉಳಿಯಿತು. ಮೈಟೋಕಾಂಡ್ರಿಯಾವೇ ಇಲ್ಲದ ಸಂಕೀರ್ಣ ಕೋಶ ಇದೆ ಅಂತ ಎಲ್ಲೋ ಓದಿದ ನೆನಪು. ಹಾಗಿದ್ದರೆ ಅದು ಅತಿಥಿ ಬರುವ ಮೊದಲಿನ ತಲೆಮಾರು ಅಲ್ವಾ? ಮತ್ತೆ ಈ ತರಹ ಒಂದು ಇನ್ನೊಂದರ ಒಳಗೆ ಸೇರುವುದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ಕೊಳವೆಬಾವಿ:

ಮೊದಲನೆಯದು. ಎಂಬತ್ತರ ದಶಕದಲ್ಲಿ ನೀವು ಹೇಳಿದ ಹಾಗೇ ಅಂದುಕೊಂಡಿದ್ದರು. ಭೇದಿ ತರುವ ಜಿಯಾರ್ಡಿಯಾದಂಥವುಗಳಲ್ಲಿ ಮೈಟೋಕಾಂಡ್ರಿಯಾ ಕಾಣುತ್ತಿರಲಿಲ್ಲ, ಹಾಗಾಗಿ ಅವೇ ಹಳೇ ತಲೆಮಾರು ಅಂತ. ಆಮೇಲೆ ಒಂದೊಂದನ್ನೇ ಕೆದಕಿ ನೋಡಿದರೆ ಎಲ್ಲದರಲ್ಲೂ ಅದರ ಅವಶೇಷ ಸಿಕ್ಕಿತು. ಜಿಯಾರ್ಡಿಯಾದಲ್ಲಿ ಮೈಟೋಸೋಮ್ ಎಂಬ ಪುಟ್ಟ ಚೀಲ ಇದೆ, 2003ರಲ್ಲಿ ತೋರಿಸಿದರು. ಅದು ಎಟಿಪಿ ಮಾಡುವುದಿಲ್ಲ, ಕೋಶದ ಕೆಲವು ಪ್ರೋಟೀನುಗಳಿಗೆ ಬೇಕಾದ ಕಬ್ಬಿಣ ಮತ್ತು ಗಂಧಕದ ಸಣ್ಣ ಗೊಂಚಲು ಕಟ್ಟುತ್ತದೆ, ಅಷ್ಟೇ. 2016ರಲ್ಲಿ ಮಾತ್ರ ನಿಜವಾಗಿ ಏನೂ ಇಲ್ಲದ್ದು ಒಂದು ಸಿಕ್ಕಿತು. ಚಿಂಚಿಲಾ ಎಂಬ ಇಲಿ ಜಾತಿಯ ಪ್ರಾಣಿಯ ಕರುಳಿನಿಂದ ಬಂದ ಮೊನೊಸರ್ಕೋಮೊನಾಯ್ಡಿಸ್. ಆದರೆ ಅದರ ನೆಂಟರಲ್ಲಿ ಕೆಲವಕ್ಕೆ ಅವಶೇಷ ಇದೆ. ಅಂದರೆ ಇದ್ದದ್ದನ್ನು ಕಳೆದುಕೊಂಡಿದೆ. ಆ ಗೊಂಚಲು ಕಟ್ಟುವ ಬೇರೊಂದು ಉಪಕರಣವನ್ನು ಬ್ಯಾಕ್ಟೀರಿಯಾಗಳಿಂದ ಎರವಲು ಪಡೆದಮೇಲೆ ಹಳೆಯದರ ಅಗತ್ಯ ಬೀಳಲಿಲ್ಲ.

ಎರಡನೆಯದು. ಮೈಟೋಕಾಂಡ್ರಿಯಾ ಆದದ್ದನ್ನು ಯಾರೂ ನೋಡಿಲ್ಲ, ಆದರೆ ಹತ್ತಿರದ್ದು ಒಂದಿದೆ. 1966ರಲ್ಲಿ ಅಮೆರಿಕದಲ್ಲಿ ಕ್ವಾಂಗ್ ಜೀಯಾನ್ ಎಂಬವರ ಲ್ಯಾಬಿನ ಅಮೀಬಾಗಳಿಗೆ ಒಂದು ಬ್ಯಾಕ್ಟೀರಿಯಾ ಸೋಂಕು ತಗುಲಿತು. ಹೆಚ್ಚಿನವು ಸತ್ತವು. ಬೇರೆಯವರಾಗಿದ್ದರೆ ಎಲ್ಲ ಬಿಸಾಕಿ ಹೊಸ ಅಮೀಬಾ ತರಿಸುತ್ತಿದ್ದರು. ಇವರು ಬದುಕುಳಿದ, ಸೊರಗಿದ ಕೆಲವನ್ನು ಸಾಕಿಕೊಂಡು ಬಂದರು. ಕೆಲವು ವರ್ಷ ಕಳೆದಮೇಲೆ ಅವು ಒಳಗೆ ಸಾವಿರಗಟ್ಟಲೆ ಬ್ಯಾಕ್ಟೀರಿಯಾ ಇಟ್ಟುಕೊಂಡೇ ಆರಾಮಾಗಿದ್ದವು. ಆಗ ಇವರು ಸೂಕ್ಷ್ಮ ಸೂಜಿ ಹಿಡಿದು ಸೋಂಕಿನ ಅಮೀಬಾದ ನ್ಯೂಕ್ಲಿಯಸ್ ತೆಗೆದು, ನ್ಯೂಕ್ಲಿಯಸ್ ತೆಗೆದಿದ್ದ ಶುದ್ಧ ಅಮೀಬಾದೊಳಗೆ ಇಟ್ಟರು. ಅದು ಉಳಿಯಲಿಲ್ಲ. ಸಾಯುವ ಮುಂಚೆ ಕೆಲವು ಬ್ಯಾಕ್ಟೀರಿಯಾ ಚುಚ್ಚಿ ಕೊಟ್ಟರೆ ಉಳಿಯಿತು! ಕೊಲ್ಲಲು ಬಂದದ್ದು ಕೆಲವೇ ವರ್ಷದಲ್ಲಿ ಇಲ್ಲದೆ ಆಗದ್ದಾಯಿತು. ಇದರಲ್ಲಿ ಆಕ್ಸಿಜನ್ ಮಾತೇ ಇಲ್ಲ, ಗಮನಿಸಿ.

ಎಣ್ಣೆಗಾಣ:

ಆಯ್ತು, ಅಮೀಬಾ ಒಪ್ಪಿದೆ. ಆದರೆ ಅದು ನುಂಗಲು ಬರುವ ಕೋಶ, ಅದೂ ನೆನಪಿರಲಿ. ಮೈಟೋಕಾಂಡ್ರಿಯಾ ಮೊದಲೋ, ನುಂಗುವ ವಿದ್ಯೆ ಮೊದಲೋ ಅನ್ನುವುದು ಇನ್ನೊಂದು ದೊಡ್ಡ ಜಗಳ, ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಅಲ್ಲಿ ನೋಡಿಕೊಳ್ಳುತ್ತೇನೆ.

ಹಟ್ಟಿಡಾಕ್ಟ್ರು:

ಟ್ಯೂಷನ್ ಸಾರ್, ಮಕ್ಕಳಿಗೆ ರೂಮೆನ್ ರಸ ತೋರಿಸುವುದಿದ್ದರೆ ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಫ್ಲಾಸ್ಕ್‌ಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿ, ಆಮೇಲೆ ರಸವನ್ನು ಬಾಯಿಮಟ್ಟ ತುಂಬಿಸಿ ಮುಚ್ಚಿ, ಗಾಳಿ ನಿಲ್ಲಬಾರದು. ಅರ್ಧ ಗಂಟೆಯೊಳಗೆ ಮೈಕ್ರೋಸ್ಕೋಪಿನ ಕೆಳಗೆ ಇಡಿ, ಸಣ್ಣ ಲೆನ್ಸ್ ಸಾಕು. ವಾಸನೆಗೆ ಕಿಟಕಿ ತೆಗೆದಿಟ್ಟಿರಿ.